ಮಾಸ್ತರ್ರ ಶ್ರುತಿ

ನಮ್ಮದು ನಾಲ್ಕು ಜನರ ಮೇಳ, ನಾಲ್ಕೂ ತಂತಿವಾದ್ಯ, ಬಾರಿಸುತ್ತಿದ್ದದ್ದು ಜಾಝ್. ಕಾರವಾರದಲ್ಲಿ ಜಾಝಾ ಎಂದು ನಗುವವರು ನಗಲಿ, ಇಪ್ಪತ್ತು ವರ್ಷಕ್ಕೂ ಮೀರಿ ನಡೆಯಿತು ಅದು. ಎಲ್ಲರೂ ಕೂಡಿ ಒಂದು ಧಾಟಿ ಬಾರಿಸುವುದು, ಆಮೇಲೆ ಒಬ್ಬೊಬ್ಬರೇ ಸರದಿಯಲ್ಲಿ ಅದನ್ನು ಮನಸ್ಸಿಗೆ ಬಂದಂತೆ ಎಳೆದಾಡುವುದು, ಕೊನೆಗೆ ಮತ್ತೆ ಕೂಡಿಕೊಳ್ಳುವುದು, ಇಷ್ಟೇ. ಒಮ್ಮೆ ಒಂದು ಮದುವೆಯಲ್ಲಿ ಅರ್ಧ ಗಂಟೆ ಬೆವರು ಸುರಿಸಿ ಬಾರಿಸಿದ ಮೇಲೆ ಹುಡುಗಿಯ ಸೋದರಮಾವ ಬಂದು, ಶ್ರುತಿ ಮಾಡಿದ್ದು ಸಾಕು, ಇನ್ನು ಹಾಡು ಶುರು ಮಾಡಿ ಎಂದ. ನನಗೆ ಸಿಟ್ಟು ನೆತ್ತಿಗೇರಿತು. ಮಾಸ್ತರ್ರು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮಾಸ್ತರ್ರೆಂದರೆ ನಮ್ಮ ಮೊದಲ ಪಿಟೀಲು, ಪೋಸ್ಟ್‌ಮಾಸ್ತರಾಗಿ ನಿವೃತ್ತರಾದವರು. ಎರಡನೇ ಪಿಟೀಲು ನಾನು, ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಅಕ್ಕೋರು. ಗಿಟಾರಿನವನು ತೋಡೂರಿನವನು. ಚೆಲ್ಲೊದವನಿಗೆ ಕೈಗಾದಲ್ಲಿ ಕೆಲಸ. ಶನಿವಾರ ಕಂಪನಿ ಬಸ್ಸಿಳಿದು ಮನೆಗೂ ಹೋಗದೆ ಸೀದಾ ಕೋಡಿಬಾಗದಲ್ಲಿದ್ದ ಮಾಸ್ತರ್ರ ಮನೆಗೆ ಬರುತ್ತಿದ್ದ. ಅವನ ಎದೆಯೆತ್ತರದ, ದೊಡ್ಡ ಪಿಟೀಲಿನಂಥ ಆ ವಾದ್ಯ ಅಲ್ಲೇ ಅಡುಗೆಮನೆಯ ಬಾಗಿಲಲ್ಲಿ, ಅಕ್ಕಿ ಡಬ್ಬದ ಪಕ್ಕ ನಿಂತಿರುತ್ತಿತ್ತು. ಮಾಸ್ತರ್ರ ಹೆಂಡತಿ, ನಮಗೆಲ್ಲ ವಯನಿ, ಬನ್ಸ್ ಕರಿದು ಇಡುತ್ತಿದ್ದರು. ಅಯ್ಯೋ, ಆ ಸಂಜೆಗಳು! ಈಗ ಬನ್ಸ್ ತಿನ್ನುವಾಗಲೂ ನನ್ನ ಕಾಲು ತಾಳ ಹಾಕುತ್ತದೆ.

ಜಗಲಿಯಲ್ಲಿ ಕೂತ ಮೇಲೆ ಮೊದಲು ಮಾಸ್ತರ್ರು ಎರಡನೇ ತಂತಿಯ ಮೇಲೆ ಕಮಾನು ಎಳೆದು ಸ್ವರ ಕೊಡಬೇಕು, ಉಳಿದ ಮೂವರೂ ಅದಕ್ಕೆ ಸೇರಿಸಿಕೊಳ್ಳಬೇಕು. ಅದು ಮೊದಲ ದಿನದಿಂದ ಬಂದ ಪದ್ಧತಿ. ಎರಡು ಸಾವಿರದ ನಾಲ್ಕೋ ಐದೋ ಇರಬೇಕು, ಗಿಟಾರಿನವನು ಶ್ರುತಿ ತೋರಿಸುವ ಬೆಂಕಿಪೊಟ್ಟಣದಷ್ಟು ಯಂತ್ರ ತಂದ. ನೋಡಿದರೆ ಮಾಸ್ತರ್ರು ಕೊಟ್ಟ ಸ್ವರ ಕೆಳಗಿದೆ! ಮುಂದಿನ ಶನಿವಾರವೂ ಹಾಗೇ. ವಯಸ್ಸಾಗಿ, ಪಿಟೀಲು ತಾಗುವ ಕಡೆಯ ಅವರ ಎಡಗಿವಿಗೆ ಸ್ವರ ಇದ್ದುದಕ್ಕಿಂತ ಏರಿ ಕೇಳುತ್ತಿತ್ತು, ಅದಕ್ಕೆ ಅವರು ತಂತಿ ಇಳಿಸುತ್ತಿದ್ದರು. ನಾವು ಮೂವರೂ ಮುಖ ಮುಖ ನೋಡಿಕೊಂಡು ಅವರೊಟ್ಟಿಗೆ ಇಳಿದೆವು. ನಾಲ್ಕೂ ವಾದ್ಯ ಒಟ್ಟಿಗೆ ಇಳಿದರೆ ಯಾರಿಗೇನು ತಿಳಿಯುತ್ತದೆ? ಮಕ್ಕಳ ಪುಸ್ತಕದಲ್ಲಿ ಒಂದು ಸೊನ್ನೆ ತಪ್ಪಿದರೂ ಕೆಂಪು ಗೀಟು ಎಳೆಯುವ ನಾನು ಎರಡು ವರ್ಷ ಬಾಯಿ ಮುಚ್ಚಿಕೊಂಡೆ. ಹೇಳಿದರೆ ಅವರು ಪಿಟೀಲು ಕೆಳಗಿಟ್ಟುಬಿಡುತ್ತಾರೆ ಎಂಬ ಭಯ ನಮಗೆ.

ಅಂಕೋಲೆಯಲ್ಲೊಂದು ಮದುವೆ. ಮನೆಯವರು ನಮ್ಮ ಜೊತೆಗೆ ಹುಬ್ಬಳ್ಳಿ ಕಡೆಯ ಕೀಬೋರ್ಡಿನವನೊಬ್ಬನನ್ನೂ ಕರೆಸಿದ್ದರು. ಮಧ್ಯಾಹ್ನ ಊಟದ ಎಲೆ ಎತ್ತುವ ಹೊತ್ತಿಗೆ ತಾಲೀಮಿಗೆ ಕೂತೆವು. ಕೀಬೋರ್ಡ್ ಒಂದು ಕಡೆ, ನಾವು ನಾಲ್ವರು ಒಂದು ಕಡೆ, ಕೇಳಲಿಕ್ಕಾಗದು. ಮಾಸ್ತರ್ರು ನಿಮ್ಮ ಪೆಟ್ಟಿಗೆ ಕೆಟ್ಟಿದೆ ಎಂದರು. ಆ ಮನುಷ್ಯ ಮೊನ್ನೆ ಕೊಂಡದ್ದು ಎಂದ. ಮಾತಿಗೆ ಮಾತು ಬೆಳೆಯಿತು. ಇಂಥವರನ್ನು ಯಾಕೆ ಕರೆಸುತ್ತಾರೋ ಎಂದು ಮಾಸ್ತರ್ರು ಗದರಿದರು. ತಪ್ಪಿಲ್ಲದವನು ಬೈಗುಳ ತಿನ್ನುವುದು ನೋಡಿ ನನ್ನ ಹಾಳು ಬಾಯಿ ತಡೆಯಲಿಲ್ಲ.

"ಪೆಟ್ಟಿಗೆ ಸರಿಯೇ ಅದೆ ಮಾಸ್ತರ್ರೇ. ಕೆಟ್ಟದ್ದು ನಿಮ್ಮ ಕಿವಿ. ಎರಡು ವರ್ಷಾಯ್ತು."

ಅವರು ನನ್ನನ್ನು ನೋಡಿದರು, ಉಳಿದಿಬ್ಬರನ್ನೂ ನೋಡಿದರು. ಇಬ್ಬರೂ ತಲೆ ತಗ್ಗಿಸಿದ್ದರು. ಕಮಾನು ಸಡಿಲಿಸಿ ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು, ವೇದಿಕೆಯಿಂದ ಕೆಳಗಿಳಿದು ನೆಂಟರ ನಡುವೆ ಒಂದು ಕುರ್ಚಿಯಲ್ಲಿ ಕೂತರು. ಸಂಜೆ ನಾವು ಮೂವರೇ ಬಾರಿಸಿದೆವು. ಯಾರೂ ಅವರೆಲ್ಲಿ ಎಂದು ಕೇಳಲಿಲ್ಲ, ಅದಕ್ಕೇ ನನಗೆ ಹೆಚ್ಚು ನೋವಾಯಿತು.

ಮೂರು ಶನಿವಾರ ವಯನಿ ಬಾಗಿಲಲ್ಲೇ, ಅವರು ಮಲಗಿದ್ದಾರೆ ಎಂದು ಹೇಳಿ ಕಳಿಸಿದರು. ನಾಲ್ಕನೆಯ ಸಲ ನಾನು ಒಬ್ಬಳೇ ಹೋಗಿ ಜಗಲಿಯಲ್ಲಿ ಕೂತುಬಿಟ್ಟೆ, ಎಬ್ಬಿಸಿ ಎಂದೆ. ಬಂದರು. ನಾನು ತಪ್ಪಾಯಿತು ಎನ್ನುವ ಮೊದಲೇ ಕೈ ಅಡ್ಡ ಮಾಡಿದರು.

"ಕಿವಿ ಹೋಯ್ತು, ಹೋಗ್ಲಿ ತಂಗಿ. ಎರಡು ವರ್ಷ ನೀವು ಬೇಕಂತಲೇ ತಪ್ಪು ಬಾರ್ಸಿದ್ರಿ, ನಾನು ಚೊಲೋ ಆಯ್ತು ಅಂತ ತಲೆ ಆಡ್ಸಿದೆ. ಅದು ನೆನೆದ್ರೆ ನಾಚ್ಕೆ ಆಗ್ತದೆ."

ನಾನು ಅತ್ತೆ, ಮಕ್ಕಳ ಹಾಗೆ ಅತ್ತೆ. ಅವರು ಒಳಗೆ ಹೋಗಿ ಪಿಟೀಲು ತಂದು ನನ್ನ ಕೈಗಿಟ್ಟು, ನೀನೇ ಸರಿ ಮಾಡು ಎಂದರು. ಗಿಟಾರಿನವನಿಂದ ಇಸಿದುಕೊಂಡು ಬಂದಿದ್ದ ಯಂತ್ರ ನೋಡಿ ನಾಲ್ಕೂ ತಂತಿ ಬಿಗಿದು ಕೊಟ್ಟೆ. ಒಂದು ಕಮಾನು ಎಳೆದರು. ಹಾಗಲಕಾಯಿ ಕಡಿದವರಂತೆ ಮುಖವಾಯಿತು.

"ನಂಗೆ ಇದು ಪೂರಾ ತಪ್ಪೇ ಕೇಳ್ತದೆ."

ಹಾಗಾದರೆ ಸ್ವಲ್ಪ ಇಳಿಸಲೇ ಎಂದು ಕೇಳಿದೆ.

"ಬೇಡ. ನಂಗೆ ನಿಮ್ಮ ಸಂಗಡ ಇರ್ಬೇಕಲ್ಲ. ಇರ್ಲಿ ಹಾಂಗೇ."

ಆಮೇಲೆ ಇನ್ನೂ ಐದು ವರ್ಷ ಅವರು ನಮ್ಮೊಟ್ಟಿಗೆ ಬಾರಿಸಿದರು. ಬೆರಳಿಗೆ ಜಾಗ ಗೊತ್ತಿತ್ತು, ಎಲ್ಲೂ ತಪ್ಪಲಿಲ್ಲ. ಕೇಳಿದವರು, ನಿಮ್ಮ ಮಾಸ್ತರ್ರು ಎಷ್ಟು ಮುಳುಗಿ ಬಾರಿಸುತ್ತಾರೆ, ಮುಖ ನೋಡಿದರೇ ತಿಳಿಯುತ್ತದೆ ಎನ್ನುತ್ತಿದ್ದರು. ನಾವು ಮೂವರೂ ಹೌದೆನ್ನುತ್ತಿದ್ದೆವು. ನಾವು ಸರಿಯಾಗಿ ಬಾರಿಸಿದಷ್ಟೂ ಅವರಿಗೆ ಅದು ತಪ್ಪಾಗಿಯೇ ಕೇಳುತ್ತಿತ್ತು. ಒಂದು ಶನಿವಾರವನ್ನೂ ಅವರು ಬಿಡಲಿಲ್ಲ.