ಮೊದಲ ಮೂರು ಸೆಕೆಂಡಿನ ಸದ್ದು

"ಬಂದ್ ಮಾಡಿ! ಎಂಜಿನ್ ಬಂದ್ ಮಾಡಿ ಮಾರಾಯ್ರೆ!"

ಪ್ರೇಮನಾಥ ರಸ್ತೆಯ ಆಚೆ ಬದಿಯಿಂದ ಕೈಬೀಸುತ್ತ ಓಡಿ ಬರುತ್ತಿದ್ದಾರೆ. ವಯಸ್ಸು ಐವತ್ತೆಂಟು, ಮಂಡಿ ಸ್ವಲ್ಪ ಎಳೆಯುತ್ತದೆ. ಅವರ ಹಿಂದೆ ಹೆಂಡತಿ ರತ್ನಾವತಿ, ಚಹಾದ ಫ್ಲಾಸ್ಕ್ ಎದೆಗವಚಿಕೊಂಡು. ಡೊಂಬಿವಲಿ ಪೂರ್ವದಲ್ಲಿ ಗಂಟೆ ಐದೂಮುಕ್ಕಾಲು. ಕಾರ್ಖಾನೆಗಳ ಕಡೆಯಿಂದ ಬರುವ ಆ ಹುಳಿ ವಾಸನೆ ಇನ್ನೂ ಗಾಳಿಯಲ್ಲಿದೆ. ಗ್ಯಾರೇಜಿನ ಮುಂದೆ ನಿಂತ ಬೂದು ಬಣ್ಣದ ಕಾರು ಗುರುಗುಟ್ಟುತ್ತಿದೆ. ಸ್ಟೇರಿಂಗ್ ಹಿಂದೆ ಕುಳಿತ ಪುಂಡರೀಕಾಕ್ಷ ರಾವ್ ನಗುತ್ತ ಕೈ ಮುಗಿಯುತ್ತಾರೆ.

"ನೀವು ಬರುವಷ್ಟರಲ್ಲಿ ಬಿಸಿ ಆಗಿರಲಿ ಅಂತ ಪ್ರೇಮಣ್ಣ. ಹತ್ತು ನಿಮಿಷ ಆಯ್ತು."

ಪ್ರೇಮನಾಥ ಫುಟ್‌ಪಾತಿನ ಅಂಚಿನಲ್ಲಿ ಕುಕ್ಕರಿಸಿಬಿಡುತ್ತಾರೆ. "ಹೋಯ್ತು. ಇವತ್ತಿನ ದಿನ ಹೋಯ್ತು."

ರಾವ್ ಅವರದು ಸಾನಪಾಡಾದಲ್ಲಿ ಸಸ್ಯಾಹಾರಿ ಹೋಟೆಲು. ಮೊದಲ ಗಿರಾಕಿ ಬರುವ ಮುಂಚೆ ದೋಸೆಯ ಕಾವಲಿ ಕಾದಿರಬೇಕು ಎಂಬುದು ಅವರ ರಕ್ತದಲ್ಲೇ ಇದೆ. ಕಾರನ್ನು ಹಿಂದಿನ ಸಂಜೆಯೇ ಇಲ್ಲಿ ನಿಲ್ಲಿಸಿ, ಊರಿನೊಳಗಿನ ತಂಗಿಯ ಮನೆಯಲ್ಲಿ ಮಲಗಿ, ನಸುಕಿಗೇ ಬಂದು, ಒಳ್ಳೆಯ ಮನಸ್ಸಿನಿಂದಲೇ ಕೀಲಿ ತಿರುಗಿಸಿದ್ದಾರೆ. ಇಂಥ ಉಪಕಾರವನ್ನು ಮಾಡುವವರು ಹೋಟೆಲಿನವರು ಮಾತ್ರ ಎನ್ನುತ್ತಾರೆ ಪ್ರೇಮನಾಥ.

ಕೆಲಸ ಇಷ್ಟೇ. ಎಂಜಿನ್ನಿನ ಮೇಲಿನ ಕವಾಟಗಳೂ ಕೆಳಗಿನ ಪಿಸ್ಟನ್‌ಗಳೂ ಒಂದೇ ತಾಳಕ್ಕೆ ಕುಣಿಯಬೇಕು. ಆ ತಾಳ ಹಿಡಿಯುವುದು ಹೊರಗಡೆಯ ರಬ್ಬರ್ ಬೆಲ್ಟು. ಇಂತಿಷ್ಟು ಕಿಲೋಮೀಟರ್ ಓಡಿದ ಮೇಲೆ ಅದನ್ನು ಕಣ್ಣು ಮುಚ್ಚಿ ಬದಲಿಸಬೇಕು, ಅದರಲ್ಲಿ ಚರ್ಚೆಯಿಲ್ಲ. ಆದರೆ ಈ ಕಾರಿನಂಥ ಕೆಲವು ಹಳೆಯ ಎಂಜಿನ್‌ಗಳಲ್ಲಿ ಒಳಗಡೆ ಒಂದು ಗೇಣುದ್ದದ ಚೈನೂ ಇರುತ್ತದೆ. ಬೆಲ್ಟ್ ಬಿಚ್ಚಿದ ಮೇಲೆ ಅದನ್ನು ತಲುಪಲು ಇನ್ನೊಂದೇ ಮುಚ್ಚಳ. ಹೇಗೂ ಬಿಚ್ಚಿದ್ದೀರಲ್ಲ, ಅದನ್ನೂ ಬದಲಿಸಿಬಿಡಿ ಎನ್ನುತ್ತವೆ ದೊಡ್ಡ ಸರ್ವಿಸ್ ಸೆಂಟರುಗಳು. ಪ್ರೇಮನಾಥ ಹಾಗೆನ್ನುವುದಿಲ್ಲ. "ಬೆಲ್ಟ್ ಕಿಲೋಮೀಟರಿಗೆ ಸವೀತದೆ. ಚೈನ್ ಹಾಗಲ್ಲ, ಎಣ್ಣೆ ಸರಿಯಾಗಿ ಹಾಕಿದವನ ಕಾರಲ್ಲಿ ಅದು ಎಂಜಿನ್ನಿನಷ್ಟೇ ಬಾಳ್ತದೆ. ಬದಲಿಸಬೇಕಾ ಬೇಡ್ವಾ ಅಂತ ಅದನ್ನೇ ಕೇಳ್ಬೇಕು."

ಕೇಳುವುದಕ್ಕೆ ದಿನಕ್ಕೊಂದೇ ಅವಕಾಶ. ರಾತ್ರಿಯಿಡೀ ನಿಂತ ಎಂಜಿನ್ನಿನಲ್ಲಿ ಎಣ್ಣೆ ಪೂರ್ತಿ ಕೆಳಗಿಳಿದಿರುತ್ತದೆ. ಬೆಳಗ್ಗೆ ಚಾಲೂ ಮಾಡಿದಾಗ ಅದು ಮತ್ತೆ ಮೇಲೇರಲು ಮೂರು ಸೆಕೆಂಡು ಬೇಕು. ಸಡಿಲವಾದ ಚೈನು ಆ ಮೂರು ಸೆಕೆಂಡಿನಲ್ಲಿ ಸದ್ದು ಮಾಡುತ್ತದೆ. ಆಮೇಲೆ ಎಣ್ಣೆ ಅದರ ಬಾಯಿ ಮುಚ್ಚಿಸುತ್ತದೆ.

"ಹಾಗಾದರೆ ನಾಳೆ?" ರಾವ್ ಮುಖದಲ್ಲಿ ಈಗ ನಗುವಿಲ್ಲ. ಶನಿವಾರ ನಸುಕಿಗೆ ಅವರು ಉಡುಪಿಗೆ ಹೊರಡಲೇಬೇಕು. ಏಳು ತಿಂಗಳ ಬಸುರಿ ಮಗಳು ಸುಮೇಧಾಳ ಸೀಮಂತ ಅಲ್ಲಿ ಸೋಮವಾರ, ಅವಳನ್ನೂ ಕರೆದೊಯ್ಯಬೇಕು. ರೈಲಿನಲ್ಲಿ ಸಿಕ್ಕಿದ್ದು ಮೇಲಿನ ಬರ್ತು, ಅದನ್ನು ಅವಳು ಹತ್ತುವುದು ಹೇಗೆ? ಕಾರೇ ಗತಿ. ಚೈನು ಘಾಟಿಯಲ್ಲಿ ಕಡಿದರೆ ಕವಾಟಗಳು ಪಿಸ್ಟನ್ನಿಗೆ ಬಡಿದು ಎಂಜಿನ್ ಅಲ್ಲೇ ಮುಗಿಯುತ್ತದೆ.

"ನಾಳೆ ಶುಕ್ರವಾರ. ಸಾಕು. ಆದ್ರೆ ಕೀಲಿ ಇವಳ ಹತ್ರ ಇರ್ಲಿ," ಎನ್ನುತ್ತಾರೆ ಪ್ರೇಮನಾಥ. ರತ್ನಾವತಿ ಆಗಲೇ ಕೈ ಚಾಚಿದ್ದಾರೆ.

ಉಡುಪಿ ಕಡೆಯ ಶಿರ್ವದ ಪ್ರೇಮನಾಥ ಹದಿನಾರನೇ ವಯಸ್ಸಿಗೆ ಡೊಂಬಿವಲಿಗೆ ಬಂದದ್ದು ಮಾವನ ಹೋಟೆಲಿನಲ್ಲಿ ಟೇಬಲ್ ಒರೆಸಲು. ಹಿಂಬಾಗಿಲಿಗೆ ತಾಗಿಕೊಂಡೇ ಒಂದು ಗ್ಯಾರೇಜಿತ್ತು. ಎರಡು ವರ್ಷ ಒರೆಸಿದ ಮೇಲೆ ಆ ಬಾಗಿಲು ದಾಟಿದವರು ತಿರುಗಿ ಬರಲಿಲ್ಲ. "ಹೋಟೆಲ್ ಬಿಟ್ಟು ಎಣ್ಣೆ ಮೆತ್ತಿಕೊಳ್ಳುವವನಿಗೆ ಹೆಣ್ಣು ಯಾರು ಕೊಡ್ತಾರೆ?" ಎಂದು ಮಾವ ಊರಿಗೆಲ್ಲ ಹೇಳಿದ್ದರಂತೆ. "ನನ್ನಪ್ಪ ಕೊಟ್ರು," ಎಂದು ರತ್ನಾವತಿ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾರೆ. "ಅವರಿಗೆ ಕಣ್ಣು ಸರಿ ಕಾಣ್ತಿರ್ಲಿಲ್ಲ."

ಸ್ವಂತ ಗ್ಯಾರೇಜಿಗೆ ಈಗ ಮೂವತ್ತೊಂದು ವರ್ಷ. ವಾರಕ್ಕೆ ಎರಡು ಬೆಲ್ಟ್ ಕೆಲಸ, ಒಂದೊಂದಕ್ಕೂ ಏಳೆಂಟು ಗಂಟೆ. ಒಳಗೆ ಚೈನ್ ಇರುವ ಕಾರು ತಿಂಗಳಿಗೆ ಎರಡೋ ಮೂರೋ. ಹತ್ತು ಚೈನಿನಲ್ಲಿ ಮೂರನ್ನು ಬದಲಿಸಿದರೆ ಹೆಚ್ಚು.

ಅಷ್ಟು ವರ್ಷದ ಎಂಜಿನ್ನುಗಳು ತಿಂದದ್ದು ಅವರ ಕಿವಿಯನ್ನು. ಐದು ವರ್ಷದಿಂದ ಸಣ್ಣ ಸದ್ದುಗಳು ಕೇಳಿಸುವುದಿಲ್ಲ. ಐರೋಲಿಯ ಆಫೀಸಿನಲ್ಲಿರುವ ಮಗಳು ಮಾನಸಿ ಶ್ರವಣಯಂತ್ರ ತಂದುಕೊಟ್ಟು "ಪಪ್ಪಾ, ಲಗಾಕೆ ತೋ ದೇಖೋ", ಒಮ್ಮೆ ಹಾಕಿಯಾದರೂ ನೋಡಿ, ಎಂದು ಬೆನ್ನು ಹತ್ತಿದ್ದಾಳೆ. "ಅದ್ರಲ್ಲಿ ರಿಕ್ಷಾದ ಹಾರ್ನ್ ಒಂದೇ ಚೆಂದ ಕೇಳ್ತದೆ," ಎನ್ನುತ್ತಾರೆ ಅಪ್ಪ.

ಹಾಗಾಗಿ ಈಗ ಕೇಳುವವರು ರತ್ನಾವತಿ. ಬೋರ್ಡಿನಲ್ಲಿ ಅವರ ಹೆಸರಿಲ್ಲ. ಗಿರಾಕಿಗಳು ಅವರನ್ನು ಚಹಾ ತರುವವರು ಎಂದುಕೊಂಡಿದ್ದಾರೆ.

ಗಂಡ ಹೆಂಡತಿ ಇಬ್ಬರಿಗೂ ಒಂದು ನೆನಪಿದೆ. ಆರು ವರ್ಷದ ಹಿಂದೆ ಕಲ್ಯಾಣದ ರಘುಪತಿ ಎಂಬವರು "ಇರಲಿ, ಹೊಸದೇ ಹಾಕಿ" ಎಂದು ಹಟ ಹಿಡಿದರು. ಗಟ್ಟಿಮುಟ್ಟಾಗಿದ್ದ ಹಳೆಯ ಚೈನನ್ನು ತೆಗೆದು ಹೊಸದನ್ನು ಹಾಕಿದ್ದಾಯಿತು. ಡಬ್ಬಿಯ ಮೇಲೆ ಎಲ್ಲ ಸರಿಯಾಗಿತ್ತು, ಒಳಗಿನ ಮಾಲು ನಕಲಿ. ನಾಲ್ಕೇ ತಿಂಗಳಿಗೆ ಮುಂಬ್ರಾ ಬೈಪಾಸಿನಲ್ಲಿ ಅದು ಕಡಿಯಿತು. ಪ್ರೇಮನಾಥ ಹದಿನೆಂಟು ದಿನ ಕುಳಿತು ಆ ಎಂಜಿನ್ನನ್ನು ಮತ್ತೆ ಕಟ್ಟಿಕೊಟ್ಟರು. ರಘುಪತಿ ಆಮೇಲೆ ಈ ಕಡೆ ತಲೆ ಹಾಕಲಿಲ್ಲ. "ಅವ್ರು ಬೈದಿದ್ರೆ ನಿದ್ರೆ ಬರ್ತಿತ್ತು," ಎಂದಷ್ಟೇ ಹೇಳುತ್ತಾರೆ ಪ್ರೇಮನಾಥ.

ಶುಕ್ರವಾರ, ಐದೂವರೆ. ರತ್ನಾವತಿ ಸೆರಗು ಸಿಕ್ಕಿಸಿ, ತೆರೆದ ಬಾನೆಟ್ಟಿನೊಳಗೆ ಬಾಗಿ ಕಣ್ಣು ಮುಚ್ಚುತ್ತಾರೆ. ಪ್ರೇಮನಾಥ ಎಂಜಿನ್ನಿನ ಮುಚ್ಚಳದ ಮೇಲೆ ಅಂಗೈ ಇಡುತ್ತಾರೆ. ನಡುಕ ಅವರಿಗಿನ್ನೂ ತಿಳಿಯುತ್ತದೆ. ಸ್ಟೇಷನ್ನಿನಿಂದ ಲೋಕಲ್ ರೈಲಿನ ಭೋಂಗಾ ಕೂಗುತ್ತದೆ. ಅದು ಅಡಗುವವರೆಗೆ ರತ್ನಾವತಿಯ ಬೆರಳು ಮೇಲಕ್ಕೆ ನಿಂತಿರುತ್ತದೆ. ಬೆರಳು ಇಳಿಯುತ್ತದೆ. ರಾವ್ ಕೀಲಿ ತಿರುಗಿಸುತ್ತಾರೆ.

"ಎಂತ?" ಪ್ರೇಮನಾಥ ಕೇಳುತ್ತಾರೆ.

"ಒಮ್ಮೆ ಚರ್ ಅಂತು. ಮತ್ತೆ ಇಲ್ಲ."

"ಎಷ್ಟು ಹೊತ್ತು?"

"ಒಗ್ಗರಣೆಯಲ್ಲಿ ಎರಡು ಸಾಸಿವೆ ಸಿಡಿದಷ್ಟು. ಹೋದ ತಿಂಗಳ ಬಿಳಿ ಕಾರಿಂದು ಪೂರಾ ಒಗ್ಗರಣೆ ಇತ್ತಲ್ಲ, ಹಾಗಲ್ಲ."

ಎಂಜಿನ್ ಆರುವವರೆಗೆ ಚಹಾ. ಆಮೇಲೆ ಬೆಲ್ಟು ಹೊರಬರುತ್ತದೆ, ಮೇಲಿನ ಮುಚ್ಚಳ ಬಿಚ್ಚುತ್ತದೆ. ಒಳಗೆಲ್ಲ ಜೇನಿನ ಬಣ್ಣ, ಮಡ್ಡಿಯಿಲ್ಲ. "ಎಣ್ಣೆ ಹೊತ್ತಿಗೆ ಸರಿಯಾಗಿ ಬದಲಿಸಿದ್ದೀರಿ ರಾಯರೆ. ಕರಿದ ಎಣ್ಣೆ ಗುರುತು ಹಿಡಿಯುವವರಲ್ವಾ ನೀವು!" ಚೈನನ್ನು ಬಿಗಿಹಿಡಿಯುವ ಪ್ಯಾಡಿನ ಮೇಲೆ ಪ್ರೇಮನಾಥ ಉಗುರು ಆಡಿಸುತ್ತಾರೆ. ಕೂದಲೆಳೆಯಷ್ಟು ಗೀರು. ಚೈನನ್ನು ಬಿಡಿಸಿ ಅಡ್ಡಕ್ಕೆ ಹಿಡಿಯುತ್ತಾರೆ. ಸವೆದದ್ದಾದರೆ ಬಿಲ್ಲಿನಂತೆ ಬಾಗಬೇಕು. ಇದು ಹೆಚ್ಚುಕಡಿಮೆ ನೆಟ್ಟಗೇ ನಿಂತಿದೆ. ಹೆಂಡತಿಯ ಮುಖ ನೋಡುತ್ತಾರೆ. ಆಕೆ ಹುಬ್ಬು ಹಾರಿಸುತ್ತಾರೆ, ಹೇಳಲಿಲ್ವಾ ಎಂಬಂತೆ.

"ಬೆಲ್ಟು ಹೊಸದು, ನೀರಿನ ಪಂಪು ಹೊಸದು. ಚೈನ್ ಇದೇ ಇರ್ಲಿ."

ರಾವ್ ತಲೆಯಾಡಿಸುವುದಿಲ್ಲ. ಚೀಲದಿಂದ ಒಂದು ಹೊಸ ಡಬ್ಬಿ ತೆಗೆದು ಬೆಂಚಿನ ಮೇಲಿಡುತ್ತಾರೆ. ನಿನ್ನೆ ವ್ಯರ್ಥವಾದ ದಿನದಲ್ಲಿ ವಾಶಿಯವರೆಗೆ ಹೋಗಿ ಕೊಂಡುತಂದ ಚೈನು.

"ಹಾಕಿಬಿಡಿ ಪ್ರೇಮಣ್ಣ. ತಂದೇ ಬಿಟ್ಟಿದ್ದೇನೆ."

ಪ್ರೇಮನಾಥ ಡಬ್ಬಿಯನ್ನು ತಿರುಗಿಸಿ ನೋಡುತ್ತಾರೆ. "ಒಳ್ಳೆಯದೇ ಇರಬಹುದು. ನನಗೆ ಗೊತ್ತಿಲ್ಲ. ಈ ಹಳೇದು ಗೊತ್ತುಂಟು."

"ಬೇಜಾರು ಮಾಡಬೇಡಿ. ನಿಮಗೆ ಕಿವಿ ಕೇಳುವುದಿಲ್ಲ. ರತ್ನಕ್ಕ ಸಾಸಿವೆ ಲೆಕ್ಕ ಹೇಳ್ತಾರೆ. ಕಾರಲ್ಲಿ ಕೂತುಕೊಳ್ಳುವುದು ನನ್ನ ಮಗಳು."

"ಅದಕ್ಕೇ ಹೇಳುದು."

"ಹೆಚ್ಚುಕಮ್ಮಿ ಆದರೆ ನಿಮ್ಮನ್ನು ಕೇಳುವುದಿಲ್ಲ. ಬೇಕಾದರೆ ಬರೆದುಕೊಡ್ತೇನೆ. ನನ್ನ ಸಮಾಧಾನಕ್ಕೆ ಹಾಕಿ."

ರತ್ನಾವತಿ ಗಂಡನನ್ನು ನೋಡುತ್ತಿದ್ದಾರೆ. ಈ ಬಾರಿ ಅವರ ಹುಬ್ಬು ಏನೂ ಹೇಳುತ್ತಿಲ್ಲ. ಪ್ರೇಮನಾಥ ಡಬ್ಬಿಯನ್ನು ರಾಯರ ಕಡೆಗೆ ಸರಿಸುತ್ತಾರೆ.

"ಇಲ್ಲ ರಾಯರೆ. ನಾನು ಹಾಕುದಿಲ್ಲ."