ವಾಸನೆ ಬಾರದಿರಲೆಂದು ಮುಚ್ಚಿದ ಬಾಗಿಲು

ಶನಿವಾರ ಮಧ್ಯಾಹ್ನ ಮೂರೂವರೆಗೆ, ನೈರೋಬಿಯ ನಮ್ಮ ಕೆಳಮನೆಯಲ್ಲಿರುವ ಮಂಗಳೂರಿನ ವಿಲ್ಫ್ರೆಡ್‌ನ ಹಿತ್ತಲಿನಿಂದ ಬರುತ್ತಿದ್ದ ಹೊಗೆ ನಿಂತುಹೋಯಿತು. ದನದ ಎದೆಭಾಗದ ಅಗ್ಗದ ಮಾಂಸ ಬಲು ಗಟ್ಟಿ, ದಿನವಿಡೀ ಹೊಗೆಯಲ್ಲಿಟ್ಟರೆ ಬೆಣ್ಣೆಯಂತಾಗುತ್ತದೆ ಎಂದು ಬೆಳಿಗ್ಗೆ ಹೇಳಿದ್ದ. ನಾವು ಸಸ್ಯಾಹಾರಿಗಳು. ಆದರೂ ಬರೀ ಹೊಗೆಗೆ ಅದು ಹೇಗೆ ಮೆತ್ತಗಾಗುತ್ತದೆಂಬ ಕುತೂಹಲ ನನಗೆ. ಇಷ್ಟು ಬೇಗ ಮುಗಿಯಿತೇ ಎಂದು ನೋಡಲು ಅರ್ಧ ಗಂಟೆ ಬಿಟ್ಟು ಅಮ್ಮನೊಂದಿಗೆ ಕೆಳಗಿಳಿದೆ.

ಹಿತ್ತಲಲ್ಲಿ ಹೊಗೆ ಹಾಕುವ ಡ್ರಮ್ ಇರಲಿಲ್ಲ. ಮುಚ್ಚಿದ ಗ್ಯಾರೇಜಿನ ಬಾಗಿಲಿನ ಸಂದಿಯಿಂದ ಹೊಗೆ ಸೋರುತ್ತಿತ್ತು. ಬಾಗಿಲು ಎಳೆದೆ. ಕೆಂಡ ತುಂಬಿದ ಡ್ರಮ್ಮಿನ ಪಕ್ಕದಲ್ಲಿ ವಿಲ್ಫ್ರೆಡ್ ಕುಸಿದು ಬಿದ್ದಿದ್ದ. ಕೂಗಿದರೂ ಕಣ್ಣು ಬಿಡಲಿಲ್ಲ. ನಾವಿಬ್ಬರೂ ಅವನನ್ನು ಹುಲ್ಲಿನ ಮೇಲಕ್ಕೆ ಎಳೆದು ತಂದೆವು. ಹೊರಗಿನ ಗಾಳಿಗೆ ನಿಧಾನವಾಗಿ ಎಚ್ಚರವಾಯಿತು.

"ಸಂಜೆ ಪೂಜೆ ಅಂದಿದ್ರಲ್ಲ ಅಮ್ಮ, ಬೀಫ್ ಸ್ಮೆಲ್ ಮೇಲೆ ಬರಬಾರದು ಅಂತ ಒಳಗಿಟ್ಟೆ" ಎಂದು ತೊದಲಿದ.

"ಅಯ್ಯೋ ಪುಣ್ಯಾತ್ಮ, ವಾಸನೆ ಬಂದಿದ್ರೆ ಮೂಗು ಮುಚ್ಕೋತಿದ್ವಿ! ನಿನ್ನ ಜೀವ ಹೋಗಿದ್ರೆ?" ಅಮ್ಮ ಅಳುತ್ತಲೇ ಬೈದರು.

ಹರ್ಲಿಂಗ್‌ಹ್ಯಾಮ್‌ ಬಡಾವಣೆಯ ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು. ಕೆಂಡದ ವಿಷಾನಿಲ, ಇನ್ನು ಸ್ವಲ್ಪ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ವೈದ್ಯರು.

ಆಮೇಲೆ ಕಣ್ಣು ಮುಚ್ಚಿದರೆ ಸಾಕು, ನಾನು ಆ ಬಾಗಿಲನ್ನು ಎಳೆಯುತ್ತಿದ್ದೆ, ಅದು ತೆರೆಯುತ್ತಿರಲಿಲ್ಲ. ಅಮ್ಮನಿಗೂ ನಿದ್ದೆ ಹತ್ತುತ್ತಿರಲಿಲ್ಲ. ಹೋದ ಭಾನುವಾರ ಅಮ್ಮನೇ ನಿಂತು ಡ್ರಮ್ಮನ್ನು ಹಿತ್ತಲಿನ ನಟ್ಟನಡುವೆ ಇಡಿಸಿದರು. ನಮ್ಮ ಮನೆಯ ತುಂಬ, ದೇವರ ಕೋಣೆಯವರೆಗೂ ಬೀಫ್ ವಾಸನೆ. ಅಂದು ರಾತ್ರಿ ಅಮ್ಮನೂ ನಾನೂ ಬೆಳಗಿನವರೆಗೆ ನಿದ್ದೆ ಮಾಡಿದೆವು.