ಕಾಕಾ ಆರಿಸಿಕೊಟ್ಟ ಕ್ಯಾಮೆರಾ

ಹೋದ ವಾರ ನಮ್ಮ ಸಾಲಿ ಲ್ಯಾಬಿನ್ಯಾಗ ಒಬ್ಬ ಹುಡುಗಿ ಅಸಿಟಿಕ್ ಆಸಿಡ್ ಬಾಟ್ಲಿ ಕೈಜಾರಿ ಕೆಡವಿದಳು. ಆ ಹುಳಿ ವಾಸನಿ ಮೂಗಿಗೆ ಬಡಿದ ಕೂಡ್ಲೇ ನಾ ನಾಲ್ಕು ಹೆಜ್ಜಿ ಹಿಂದ ಸರಿದೆ. ವಿಜ್ಞಾನ ಕಲಿಸೂ ಟೀಚರ್ ಆಸಿಡ್ಡಿಗೆ ಅಂಜಿದ್ರು ಅಂತ ಹುಡುಗ್ಯಾರು ಮುಸಿಮುಸಿ ನಕ್ಕರು. ನಗಲಿ ಬಿಡ್ರಿ. ನಾ ಅಂಜಿದ್ದು ಆಸಿಡ್ಡಿಗೆ ಅಲ್ಲ. ನಾ ಬೆಳೆದ ಮುದ್ದೇಬಿಹಾಳದ ಒಂದು ಫೋಟೋ ಸ್ಟುಡಿಯೋದ ಕತ್ತಲಿ ಕೋಣ್ಯಾಗ, ಫೋಟೋ ತೊಳಿಯೂ ನೀರಿಗೆ ಇದೇ ವಾಸನಿ ಇರ್ತಿತ್ತು...

ಆ ಸ್ಟುಡಿಯೋದವರಿಗೆ ಇಡೀ ಓಣಿ ಕಾಕಾ ಅಂತಿತ್ತು. ಸಣ್ಣಾಕಿದ್ದಾಗ ನಾ ಅವರಿಗೆ ಅಂಜಿದಷ್ಟು ಯಾರಿಗೂ ಅಂಜಿಲ್ಲ. ಪಾಪ, ಅವರೇನು ಬೈತಿದ್ದಿಲ್ಲ, ಬಡೀತಿದ್ದಿಲ್ಲ. ಕಂಡಾಗೊಮ್ಮೆ ಹುರಿದ ಶೇಂಗಾ ಕೈಗೆ ಹಾಕ್ತಿದ್ರು. ಆದ್ರ ಅವರು ಸತ್ತವರಿಗೆ ಕಣ್ಣು ಬರೀತಿದ್ರು.

ನಮ್ಮ ಮಂದ್ಯಾಗ ಹೆಣ ಮಲಗಸೂದಿಲ್ಲ. ಗ್ವಾಡಿಗೆ ಆನಿಸಿ ಕುಂದ್ರಸ್ತಾರ, ವಿಭೂತಿ ಹಚ್ಚಿ ಹಾರ ಹಾಕ್ತಾರ, ಆಮ್ಯಾಲೆ ಫೋಟೋದವರಿಗೆ ಹೇಳಿ ಕಳಸ್ತಾರ. ಆಗ ಬದುಕಿದ್ದಾಗ ಫೋಟೋ ತಗಸಿಕೊಂಡವರು ಎಷ್ಟು ಮಂದಿ ಇದ್ರು? ಬಾಳ ಮಂದಿಗೆ ಅದೇ ಮೊದಲನೇದು, ಅದೇ ಕಡೀದು. ಮುಚ್ಚಿದ ಕಣ್ಣು ಗ್ವಾಡಿ ಮ್ಯಾಲೆ ಚಂದ ಕಾಣೂದಿಲ್ಲಂತ ಮನಿಯವರು ಕೇಳಿದ್ರ, ಕಾಕಾ ಸಣ್ಣ ಕುಂಚ ಹಿಡಿದು ಫೋಟೋದಾಗಿನ ರೆಪ್ಪಿ ಮ್ಯಾಲೆ ಕಣ್ಣು ತೆರೆದಂಗ ಬರದು ಕೊಡ್ತಿದ್ರು.

ನಮ್ಮಪ್ಪ ಹೋದಾಗ ನನಗ ಎರಡು ವರ್ಷ. ನನಗ ಗೊತ್ತಿರೂ ಅಪ್ಪ ಅಂದ್ರ ಅದೊಂದು ಫೋಟೋ. ಸೋತ ಮುಖ, ಅದರಾಗ ಪಿಳಿಪಿಳಿ ನೋಡೂ ಎರಡು ಕಣ್ಣು. ಪಡಸಾಲ್ಯಾಗ ಯಾವ ಮೂಲ್ಯಾಗ ಕುಂತರೂ ನನ್ನನ್ನೇ ನೋಡ್ತಿದ್ದವು. ನಾ ಆ ಫೋಟೋಕ್ಕ ಬೆನ್ನು ಮಾಡಿ ಉಣ್ತಿದ್ದೆ. ಅವ್ವ ದಿನಾ ಅದಕ್ಕ ಹೂವು ಏರಿಸ್ತಿದ್ದಳು, ಆದ್ರ ಮುಖ ನೋಡ್ತಿದ್ದಿಲ್ಲ. "ಇವು ಅವರ ಕಣ್ಣಲ್ಲ ಬಿಡು" ಅಂತ ಒಮ್ಮೆ ಅಂದಿದ್ದಳು.

ಅವ್ವಗ ಕ್ಯಾಮೆರಾ ಅಂದ್ರ ಆಗ್ತಿದ್ದಿಲ್ಲ. ಆಕಿ ಲೆಕ್ಕದಾಗ ಕ್ಯಾಮೆರಾ ಮನಿಗೆ ಬರೂದು ಸಾವಿನ ಹಿಂದ. ಮದವಿ ಮನ್ಯಾಗೂ ಅಡಗಿ ಕೋಣಿ ಬಿಟ್ಟು ಹೊರಗ ಬರ್ತಿದ್ದಿಲ್ಲ. ನಾ ಮೊಬೈಲ್ ಎತ್ತಿದ್ರ ಸಾಕು, ಕ್ಯಾಮೆರಾ ತೆರೆಯೂದ್ರಾಗ ಸೆರಗು ಮುಖದ ಮ್ಯಾಲೆ ಬಂದಿರ್ತಿತ್ತು. ನೌಕರಿ ಸಿಕ್ಕು ಅವ್ವನ್ನ ಸಿಂದಗಿಗೆ ಕರಕೊಂಡು ಬಂದ ಮ್ಯಾಲೂ ಅಷ್ಟೇ. ಇರಲಿ, ಇನ್ನೂ ದಿನ ಅದಾವ ಅಂತ ನಾನೂ ಸುಮ್ಮನಿದ್ದೆ.

ಆಮ್ಯಾಲೆ ಅವ್ವನ ಹೊಟ್ಟ್ಯಾಗ ಗಡ್ಡಿ ಐತಿ ಅಂತ ಗೊತ್ತಾತು. ವಿಜಯಪುರದ ದವಾಖಾನ್ಯಾಗ ಆಪರೇಷನ್ ಮಾಡಬೇಕು, ವಯಸ್ಸಾಗೇತಿ, ಗ್ಯಾರಂಟಿ ಹೇಳಾಕ ಬರೂದಿಲ್ಲ ಅಂದ್ರು. ನಡುವ ಇದ್ದದ್ದು ಹನ್ನೆರಡು ದಿನ. ಅವ್ವ ಹೋದಾಳು ಅನ್ನೂ ಅಂಜಿಕಿ ಒಂದು ಕಡೆ. ಅಪ್ಪನ ಬಾಜೂಕ ಅವ್ವನೂ ಬರೆದ ಕಣ್ಣು ಬಿಟಗೊಂಡು ನನ್ನನ್ನ ನೋಡ್ತಾಳ ಅನ್ನೂ ಅಂಜಿಕಿ ಇನ್ನೊಂದು ಕಡೆ. ಖರೇ ಹೇಳ್ತೇನಿ, ಎರಡನೇದು ಹೆಚ್ಚು ಕಾಡ್ತು. ನಾಚಿಕಿ ಅನಸ್ತೇತಿ, ಆದ್ರೂ ಖರೇನ.

ಬಸ್ ಹಿಡಿದು ಮುದ್ದೇಬಿಹಾಳಕ್ಕ ಹೋದೆ. ಕಾಕಾನ ತಲಿ ಪೂರಾ ಬೆಳ್ಳಗಾಗಿತ್ತು. ಕತ್ತಲಿ ಕೋಣಿ ಕೆಲಸ ನಿಂತು ಎಷ್ಟೋ ವರ್ಷ ಆಗಿದ್ರೂ ವಾಸನಿ ಮಾತ್ರ ಹಂಗ ಇತ್ತು.

"ಕಿಸೇದಾಗ ಹಿಡಿಯೂವಂಥ ಕ್ಯಾಮೆರಾ ಬೇಕ್ರಿ ಕಾಕಾ. ತೆಗೆದ ಕೂಡ್ಲೇ ಹೊಡೀಬೇಕು. ಅವ್ವ ಸೆರಗು ಎಳಕೊಳ್ಳೂದ್ರಾಗ ಆಗಿರಬೇಕು" ಅಂದೆ.

ಅವರು ನಗಲಿಲ್ಲ. ಕಪಾಟಿನಿಂದ ಮೂರು ಹಳೇ ಡಿಜಿಟಲ್ ಕ್ಯಾಮೆರಾ ತೆಗೆದು ಮುಂದ ಇಟ್ರು. "ಬ್ಯಾಟರಿ ಎಲ್ಲಾ ಬರೋಬರಿ ಅದಾವ. ಡಬ್ಬಿ ಮ್ಯಾಲೆ ಬರೆದಿದ್ದು ನಂಬಬ್ಯಾಡ ಯವ್ವಾ, ನಾ ಶೇಂಗಾ ಹಾರಸ್ತೇನಿ, ನೀ ಹೊಡಿ" ಅಂದ್ರು. ಶೇಂಗಾ ಮ್ಯಾಲೆ ಹಾರಿಸಿ ಬಾಯಾಗ ಹಿಡಿಯೂದು ಅವರ ಹಳೇ ಚಟ. ಮೊದಲನೇ ಕ್ಯಾಮೆರಾ ಗುರ್ ಅಂತ ಮೂತಿ ಹೊರಗ ಹಾಕೂದ್ರಾಗ ಕಾಕಾ ಅಗದು ನುಂಗಿದ್ರು. ಎರಡನೇದು ಲಗೂನ ಚಾಲೂ ಆತು, ಆದ್ರ ಬಟನ್ ಒತ್ತಿದ ಮ್ಯಾಲೆ ಯೋಚನಿ ಮಾಡಿತು, ಫೋಟೋದಾಗ ಮುಚ್ಚಿದ ಬಾಯಿ ಅಷ್ಟೇ. ಮೂರನೇದು ಕರೀದು, ಅಂಗೈಯಷ್ಟೂ ಇಲ್ಲ. ಬಟನ್ ಅರ್ಧ ಒತ್ತಿ ತಡೀ, ಆಮ್ಯಾಲೆ ಪೂರಾ ಒತ್ತು ಅಂತ ಕಲಿಸಿದ್ರು. ಒತ್ತಿದೆ. ಶೇಂಗಾ ಗಾಳ್ಯಾಗ ನಿಂತಿತ್ತು.

ಖುಷಿಯಿಂದ ಆ ಫೋಟೋ ದೊಡ್ಡದು ಮಾಡಿ ನೋಡಿದೆ. ಮ್ಯಾಲೆ ನೋಡ್ತಿರೂ ಕಾಕಾನ ಕಣ್ಣು... ಆ ಕಣ್ಣು ನಮ್ಮ ಪಡಸಾಲ್ಯಾಗ ಇದ್ದವು. ನಲವತ್ತು ವರ್ಷ ನನ್ನನ್ನ ನೋಡಿದ ಕಣ್ಣು ಅವು.

ನನ್ನ ಮುಖ ನೋಡಿ ಅವರಿಗೇ ತಿಳೀತು. ನನ್ನ ಕೈಯಾಗಿನ ಕ್ಯಾಮೆರಾ ಇಸಕೊಂಡು ಒರಸಾಕ ಹತ್ತಿದ್ರು.

"ಆಗ ನಾ ಊರಿಗೆ ಹೊಸಬ, ನಿಮ್ಮಪ್ಪನ ಜೀವಂತ ನೋಡಿದ್ದಿಲ್ಲ ಯವ್ವಾ. ಕಣ್ಣು ಬರೀರಿ ಅಂದ್ರು ನಿಮ್ಮ ಹಿರ್ಯಾರು. ಹ್ಯಾಂಗ ಬರೀಲಿ? ಕನ್ನಡಿ ಮುಂದ ಕುಂತು ನನ್ನವೇ ಬರದೆ" ಅಂದ್ರು. "ಒಬ್ಬರದಲ್ಲ, ಎಲ್ಲಾರದೂ ಹಂಗ ಬರದೇನಿ."

ಅಂದ್ರ ಬಸವನ ಬಾಗೇವಾಡಿ ಕಡೆಯಿಂದ ಹಿಡಿದು ಎಷ್ಟು ಊರಿನ ಎಷ್ಟು ಗ್ವಾಡಿ ಮ್ಯಾಲೆ ಇವರು ಕುಂತು ನೋಡಾಕತ್ತಾರೋ... ಸಿಟ್ಟು ಬರಬೇಕಾಗಿತ್ತು ನನಗ. ಬರಲಿಲ್ಲ. ಕ್ಯಾಮೆರಾ ಕಿಸೇಕ್ಕ ಹಾಕ್ಕೊಂಡು ಹೊಂಟೆ. ಬಾಗಿಲ ಮಟ ಬಂದು, "ಅವ್ವಂದು ಆಕಿ ಕಣ್ಣೇ ಬರಲಿ" ಅಂದ್ರು.

ಹತ್ತು ದಿನ ಆ ಕ್ಯಾಮೆರಾ ನನ್ನ ಚೂಡಿದಾರದ ಕಿಸೇದಾಗ ಇತ್ತು. ಅವ್ವ ರೊಟ್ಟಿ ಬಡಿಯಾಗ, ತಲಿ ಬಾಚಿಕೊಳ್ಳಾಗ, ಕಿಸೇದಾಗ ಕೈ ಹಾಕಿ ನಿಂದರ್ತಿದ್ದೆ. ಕೈ ಹೊರಗ ಬರ್ತಿದ್ದಿಲ್ಲ. ಸ್ವಂತ ತಾಯಿ ಹಿಂದ ಕಳ್ಳರಂಗ ತಿರಗೂದು ಅಂದ್ರ ಏನು ಹೇಳಲಿ. ದವಾಖಾನಿಗೆ ಹೋಗೂ ಹಿಂದಿನ ದಿನ ಮಧ್ಯಾಹ್ನ ಅವ್ವ ಹಿತ್ತಲದಾಗ ಜ್ವಾಳ ಹಸನ ಮಾಡ್ಕೋತ ಕುಂತಿದ್ದಳು. ಇವತ್ತು ಬಿಟ್ರ ಇಲ್ಲ ಅನ್ನಿಸ್ತು. ತೆಗೆದೆ. ಸಪ್ಪಳಕ್ಕ ಅವ್ವ ತಲಿ ಎತ್ತಿದಳು. ಒತ್ತಿದೆ, ಸರಕ್ಕನ ಕಿಸೇಕ್ಕ ತುರುಕಿದೆ.

ಸೆರಗು ಮ್ಯಾಲೆ ಬರಲೇ ಇಲ್ಲ. "ಹುಚ್ಚಿ, ನೀ ಏನ? ಯಾರೋ ಅಂತ ಎದಿ ಒಡಕೊಂಡೆ" ಅಂತ ಅವ್ವ ನಕ್ಕಳು. ಕಣ್ಣಾಗ ನೀರು ಬರೂತನಕ ನಕ್ಕಳು, ಮೊರದಾಗಿನ ಜ್ವಾಳ ಚೆಲ್ಲೂವಂಗ.

ಆಪರೇಷನ್ ಆದ ಮೂರನೇ ದಿನ ಅವ್ವ ಹ್ವಾದಳು. ಕುಂದ್ರಸಿದಾಗ ಫೋಟೋದವರನ್ನ ಕರಿಯಾಕ ನಾ ಬಿಡಲಿಲ್ಲ. ಎಲ್ಲಾ ಕಾರ್ಯ ಮುಗಿದ ಮ್ಯಾಲೆ ಕಾಕಾನ ಹತ್ರ ಹೋದೆ. ಅವರು ಹಿತ್ತಲದಾಗ ಹೊಡೆದ ಫೋಟೋ ಕಂಪ್ಯೂಟರಿನ್ಯಾಗ ದೊಡ್ಡದು ಮಾಡಿದ್ರು. ಕಣ್ಣು ತೆರೆದಿದ್ದವು, ಸ್ವಚ್ಛ ಬಂದಿದ್ದವು. ಅಂಜಿಕಿ ಬಿಟ್ರ ಅವುಗಳೊಳಗ ಏನೂ ಇದ್ದಿಲ್ಲ.

"ಕಾಕಾ, ನಗೂವಂಗ ಮಾಡಿ ಕೊಡ್ರಿ" ಅಂತ ಅತ್ತೆ. ಕೈ ಮುಗಿದೆ.

"ಬ್ಯಾಡ ಯವ್ವಾ. ನಿಮ್ಮ ಮನಿಗೆ ಒಮ್ಮೆ ಮಾಡಿದ್ದೇ ಸಾಕು" ಅಂದ್ರು. ಹಂಗ ಪ್ರಿಂಟ್ ತಗದು, ಚೌಕಟ್ಟು ಹಾಕಿ ಕೊಟ್ರು.

ಹೋದ ವರ್ಷ ಕಾಕಾನೂ ಹ್ವಾದ್ರು. ನನಗ ಸುದ್ದಿ ಮುಟ್ಟೂದ್ರಾಗ ಮಣ್ಣು ಆಗಿತ್ತು. ಅಪ್ಪನ ಕಣ್ಣು ಯಾರವು ಅಂತ ಗೊತ್ತಿದ್ದವರು ಇನ್ನ ನಾ ಒಬ್ಬಾಕಿ.

ಮನಿಗೆ ಬಂದವರು ಅವ್ವನ ಫೋಟೋ ನೋಡಿ, ಏನ್ ಕಂಡು ಹಿಂಗ ಅಂಜ್ಯಾರ್ರಿ ಅಂತ ಕೇಳ್ತಾರ. ನನ್ನನ್ನ ಕಂಡು ಅಂತೇನಿ. ಚ್ಯಾಷ್ಟಿ ಮಾಡಾಕತ್ತಾಳ ಅಂತ ತಿಳಕೊಂಡು ಅವರು ನಗ್ತಾರ. ಕಾಕಾ ಆರಿಸಿಕೊಟ್ಟ ಕ್ಯಾಮೆರಾ ಒಂದು ಚಣನೂ ತಡಾ ಮಾಡಲಿಲ್ಲ. ತಡಾ ಮಾಡಿದ್ರ ಅವ್ವ ನಕ್ಕಿರ್ತಿದ್ದಳು.